ಹ್ಯಾಕ್ ಆದರೆ ವ್ಯಾಪಾರಕ್ಕೆ ಎಷ್ಟು ಹೊಡೆತ? ಕಲಬುರಗಿ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನೆಹರು ಗಂಜ್‌ನ ಅಡತ್ (ಕಮಿಷನ್ ಏಜೆಂಟ್) ಅಂಗಡಿಗಳು, ಕಪನೂರಿನ ದಾಲ್ ಮಿಲ್‌ಗಳು, ಸೂಪರ್ ಮಾರ್ಕೆಟ್‌ನ ಬಟ್ಟೆ ಮತ್ತು ಔಷಧ ಅಂಗಡಿಗಳು. ಇಂಥ ಕಡೆ ಕಂಪ್ಯೂಟರ್, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು, ಮುನೀಮರು ನನ್ನನ್ನು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಬೀದರ್, ಹುಮನಾಬಾದ್, ಯಾದಗಿರಿ ಕಡೆಯವರಿಗೂ ಇದೇ ಲೆಕ್ಕ ಹೊಂದುತ್ತದೆ.

ನಮ್ಮಂಥ ಸಣ್ಣ ಅಂಗಡಿ ಮೇಲೆ ಯಾರು ಕಣ್ಣು ಹಾಕ್ತಾರೆ? ದೊಡ್ಡ ಕಂಪನಿ ಬಿಟ್ಟು ಇಲ್ಲಿಗ್ಯಾಕೆ ಬರ್ತಾರೆ?

ಯಾರೂ ನಿಮ್ಮ ಅಂಗಡಿಯ ಹೆಸರು ಹುಡುಕಿಕೊಂಡು ಬರುವುದಿಲ್ಲ. ಇಂಟರ್ನೆಟ್‌ನಲ್ಲಿ ಬಾಗಿಲು ತೆರೆದಿರುವ ಕಂಪ್ಯೂಟರ್ ಎಲ್ಲಿದೆ ಎಂದು ಪ್ರೋಗ್ರಾಮ್‌ಗಳು ಹಗಲು ರಾತ್ರಿ ತಡಕಾಡುತ್ತಲೇ ಇರುತ್ತವೆ. ಸಿಕ್ಕಿದ್ದು ಕಲಬುರಗಿಯ ಮಿಲ್ಲೋ, ಬೇರೆ ದೇಶದ ಆಸ್ಪತ್ರೆಯೋ ಅವಕ್ಕೆ ಬೇಕಾಗಿಲ್ಲ. 2017ರ ಮೇ 12ರಂದು ಶುರುವಾದ, ಫೈಲು ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹೀಗೇ ಹರಡಿತು. ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಲಾಕ್ ಆದವು. ಒಂದೊಂದಕ್ಕೂ ಕೇಳಿದ್ದು 300ರಿಂದ 600 ಡಾಲರ್. ಸಣ್ಣವರಿಂದಲೂ ವಸೂಲಾಗಲಿ ಎಂದೇ ಇಟ್ಟ ದರ ಅದು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಬಿಟ್ಟಿತ್ತು. ಹಾಕಿಕೊಂಡವರು ಉಳಿದರು.

ಇನ್ನೊಂದು ಮಾತು. ನಮ್ಮಲ್ಲಿ ದೊಡ್ಡ ಮೊತ್ತದ ವ್ಯವಹಾರ ಒಂದು ಫೋನಿನಲ್ಲೇ, ಬಾಯಿಮಾತಿನಲ್ಲೇ ಮುಗಿಯುತ್ತದೆ. ತೊಗರಿ ಸೀಜನ್‌ನಲ್ಲಿ ಒಂದೊಂದು ಆರ್‌ಟಿಜಿಎಸ್ ಹತ್ತಾರು ಲಕ್ಷ ಇರುತ್ತದೆ. ನಂಬಿಕೆ ಮೇಲೆ ಇಷ್ಟು ದುಡ್ಡು ಓಡಾಡುವ ಜಾಗ ಕಳ್ಳರಿಗೆ ಸಣ್ಣದಲ್ಲ.

ಇಲ್ಲಿ ಜಾಸ್ತಿ ಆಗೋದು ಯಾವ ಥರದ್ದು?

ನಾನು ನೋಡುವುದರಲ್ಲಿ ನಾಲ್ಕು ಬಗೆ ಮುಖ್ಯ. ಪಾರ್ಟಿಯ, ಅಂದರೆ ನೀವು ವ್ಯವಹಾರ ಮಾಡುವವರ ಹೆಸರಲ್ಲಿ ಸುಳ್ಳು ಖಾತೆ ನಂಬರ್ ಕಳಿಸಿ ಹಣ ಹಾಕಿಸಿಕೊಳ್ಳುವುದು. ಫೈಲುಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳುವುದು, ಅಂದರೆ ರ‍್ಯಾನ್ಸಮ್‌ವೇರ್. ವಾಟ್ಸಾಪ್‌ನಲ್ಲಿ ಮದುವೆ ಕಾರ್ಡು ಅಂತಲೋ, ಟ್ರಾಫಿಕ್ ಚಲನ್ ಅಂತಲೋ ಎಪಿಕೆ ಫೈಲ್ (ಮೊಬೈಲ್‌ಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಮೊಬೈಲ್‌ನ ಒಟಿಪಿ ಓದುವುದು. ಬ್ಯಾಂಕಿನವರು ಎಂದು ಹೇಳಿ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಸ್ಕ್ರೀನ್ ನೋಡುವುದು.

ಅಂಗಡಿಯ ಕ್ಯೂಆರ್ ಕೋಡ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸುವುದೂ ಇದೆ. ಅದಕ್ಕೆ ಮದ್ದು ಸುಲಭ: ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಒಂದು ರೂಪಾಯಿ ಹಾಕಿ ನೋಡಿ. ಸೌಂಡ್ ಬಾಕ್ಸ್ ಮಾತಾಡಿದರೆ ಸರಿ.

ಖಾತೆ ನಂಬರ್ ಬದಲಾಯಿಸೋ ಮೋಸ ಹೇಗೆ ನಡೆಯುತ್ತೆ?

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಒಂದೇ ಏಟಿಗೆ ಅತಿ ದೊಡ್ಡ ಮೊತ್ತ ಹೋಗುವುದು ಇದರಲ್ಲೇ.

ನೀವು ಹೊರ ರಾಜ್ಯದ ಪಾರ್ಟಿಯೊಬ್ಬರಿಂದ ಮಷಿನ್ ತರಿಸುತ್ತಿದ್ದೀರಿ ಎಂದುಕೊಳ್ಳಿ. ಈಮೇಲ್‌ನಲ್ಲಿ ಕೊಟೇಶನ್, ಬಿಲ್ಲು, ಫೋಟೋ ಎಲ್ಲ ಓಡಾಡುತ್ತಿವೆ. ನಿಮ್ಮದೋ ಅವರದೋ ಈಮೇಲ್ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕಿರುತ್ತದೆ. ಅವನು ಅವಸರ ಮಾಡುವುದಿಲ್ಲ. ವಾರಗಟ್ಟಲೆ ಸುಮ್ನೆ ಓದುತ್ತಾ ಕೂರುತ್ತಾನೆ. ಹಣ ಹಾಕುವ ದಿನ ಹತ್ತಿರ ಬಂದಾಗ ಒಂದು ಮೇಲ್ ಬರುತ್ತದೆ: "ಸರ್, ನಮ್ಮ ಹಳೆ ಖಾತೆ ಆಡಿಟ್‌ನಲ್ಲಿದೆ, ಈ ಸಲ ಈ ಖಾತೆಗೆ ಹಾಕಿ." ಅದೇ ಲೆಟರ್‌ಹೆಡ್, ಅದೇ ಬಿಲ್ ನಂಬರ್, ಅದೇ ಮೊತ್ತ. ಬದಲಾಗಿದ್ದು ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಮಾತ್ರ. ಮೇಲ್ ವಿಳಾಸ ದಿಟ್ಟಿಸಿ ನೋಡಿದರೆ ಎಲ್ಲೋ ಒಂದು ಅಕ್ಷರ ಹೆಚ್ಚಿರುತ್ತದೆ. ಕೆಲವು ಸಲ ಅದೂ ಇರುವುದಿಲ್ಲ, ಅಸಲಿ ವಿಳಾಸದಿಂದಲೇ ಬಂದಿರುತ್ತದೆ. ಎಂಟು ದಿನ ಬಿಟ್ಟು ಪಾರ್ಟಿ ಫೋನ್ ಮಾಡಿ "ಪೇಮೆಂಟ್ ಯಾವಾಗ ಮಾಡ್ತೀರಿ?" ಎಂದು ಕೇಳಿದಾಗಲೇ ಗೊತ್ತಾಗುವುದು.

ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳನ್ನಷ್ಟೇ ಲೆಕ್ಕ ಹಾಕಿದರೂ ಈ ಒಂದೇ ಬಗೆಯ ಮೋಸಕ್ಕೆ 2023ರಲ್ಲಿ ಹೋದ ಹಣ ಸುಮಾರು 290 ಕೋಟಿ ಡಾಲರ್. ಅಲ್ಲಿನ ದೊಡ್ಡ ದೊಡ್ಡ ಲೆಕ್ಕ ವಿಭಾಗದವರೇ ಬಿದ್ದಿದ್ದಾರೆ. ನಿಮ್ಮ ಮುನೀಮ ದಡ್ಡ ಅಂತ ಆಗಿದ್ದಲ್ಲ.

ತಡೆಯಲು ಒಂದು ನಿಯಮ ಸಾಕು. ಖಾತೆ ನಂಬರ್ ಬದಲಾಗಿದೆ ಎಂದು ಯಾರು ಹೇಳಿದರೂ, ನಿಮ್ಮ ಹಳೆ ಡೈರಿಯಲ್ಲಿರುವ ನಂಬರ್‌ಗೆ ಫೋನ್ ಮಾಡಿ, ಪರಿಚಯದ ದನಿಯೊಂದಿಗೆ ಮಾತಾಡಿ, ಆಮೇಲೆ ಹಣ ಹಾಕಿ. ಮೇಲ್‌ನಲ್ಲಿ ಕೊಟ್ಟ ಹೊಸ ನಂಬರ್‌ಗೆ ಫೋನ್ ಮಾಡಬೇಡಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ಆರ್‌ಟಿಜಿಎಸ್, ನೆಫ್ಟ್ ಮಾಡುವ ಮೊದಲೇ ಖಾತೆದಾರನ ಹೆಸರು ನೋಡುವ ಸೌಲಭ್ಯ ಕೊಡಬೇಕಾಗಿದೆ. ಹೆಸರು ಹೊಂದದಿದ್ದರೆ ಅಲ್ಲೇ ನಿಲ್ಲಿಸಿ.

ರ‍್ಯಾನ್ಸಮ್‌ವೇರ್ ಬಂದರೆ ಕಣ್ಣಿಗೆ ಏನು ಕಾಣುತ್ತೆ? ಒಳಗೆ ಹೇಗೆ ಬರುತ್ತೆ?

ಬೆಳಿಗ್ಗೆ ಟ್ಯಾಲಿ ತೆರೆದರೆ ಕಂಪನಿ ಹೆಸರೇ ಬರುವುದಿಲ್ಲ. ಡೇಟಾ ಫೋಲ್ಡರ್ ತೆರೆದು ನೋಡಿದರೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು ಸೇರಿಕೊಂಡಿರುತ್ತವೆ. ಫೈಲಿನ ಸೈಜು ಮೊದಲಿನಷ್ಟೇ ಇರುತ್ತದೆ, ತೆರೆಯಲು ಮಾತ್ರ ಆಗುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ನೋಟ್‌ಪ್ಯಾಡ್ ಫೈಲ್ ಇರುತ್ತದೆ. ಎಷ್ಟು ಬಿಟ್‌ಕಾಯಿನ್, ಎಷ್ಟು ದಿನ ಗಡುವು, ಯಾರನ್ನು ಸಂಪರ್ಕಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ.

ಒಳಗೆ ಬರುವ ದಾರಿಗಳಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ಆರ್‌ಡಿಪಿ. ದೂರದಿಂದ ಕಂಪ್ಯೂಟರ್ ತೆರೆಯುವ ವಿಂಡೋಸ್ ಸೌಲಭ್ಯ ಅದು. ಲೆಕ್ಕ ಬರೆಯುವವರು ರಾತ್ರಿ ಮನೆಯಿಂದ ಟ್ಯಾಲಿ ನೋಡಬೇಕು ಎಂದು ರೂಟರ್‌ನಲ್ಲಿ 3389 ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆದಿಡುತ್ತಾರೆ. ಪಾಸ್‌ವರ್ಡ್ ಅಂಗಡಿ ಹೆಸರು ಮತ್ತು 123. ಹಾಕಿಕೊಟ್ಟವರು ಹೋಗುತ್ತಾರೆ, ಬಾಗಿಲು ವರ್ಷಗಟ್ಟಲೆ ತೆರೆದೇ ಇರುತ್ತದೆ. ಮಿಕ್ಕ ದಾರಿಗಳು ಎಲ್ಲರಿಗೂ ಗೊತ್ತಿರುವವೇ: ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಬಿಲ್ ಎಂದು ಬಂದ ಈಮೇಲ್ ಅಟ್ಯಾಚ್‌ಮೆಂಟ್, ಅಪ್‌ಡೇಟ್ ಇಲ್ಲದ ವಿಂಡೋಸ್.

ಒಂದು ಮಿಲ್‌ಗೆ ಹೀಗಾದರೆ ಒಟ್ಟು ಎಷ್ಟು ಖರ್ಚು ಬರುತ್ತೆ?

ಎಲ್ಲರೂ "ಅವರು ಎಷ್ಟು ಕೇಳ್ತಿದಾರೆ?" ಎಂಬಲ್ಲಿಗೇ ನಿಲ್ಲುತ್ತಾರೆ. ಅದು ಪೂರ್ತಿ ಖರ್ಚಿನ ಒಂದು ತುಂಡು ಅಷ್ಟೇ. ಹೆಚ್ಚು ಹೊಡೆತ ಬೀಳುವುದು ಕೆಲಸ ನಿಂತ ದಿನಗಳಿಂದ, ಮತ್ತು ಯಾರು ಎಷ್ಟು ಬಾಕಿ ಎಂದು ತೋರಿಸಲಾಗದ ಉದ್ರಿಯಿಂದ. ಒಂದು ಮಧ್ಯಮ ದಾಲ್ ಮಿಲ್ ಆರು ದಿನ ನಿಂತಿತು ಎಂದು ಊಹಿಸಿ ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ.

ಸಂಬಳ, ಕೂಲಿ ದಿನಕ್ಕೆ 12,000 ಅಂದರೆ ಆರು ದಿನಕ್ಕೆ 72,000. ಮಿಲ್ ನಡೆಯಲಿ ಬಿಡಲಿ, ಜನರನ್ನು ಮನೆಗೆ ಕಳಿಸಲಾಗುವುದಿಲ್ಲ.
ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ 60 ಲಕ್ಷ, ಬಡ್ಡಿ 11% ಇದ್ದರೆ ದಿನಕ್ಕೆ ಸುಮಾರು 1,800. ಆರು ದಿನಕ್ಕೆ 10,800.
ಬಿಲ್ಲಾಗದೆ ನಿಂತ ಎರಡು ಲಾರಿಗೆ ಮೂರು ದಿನದ ಹಾಲ್ಟಿಂಗ್ (ಕಾಯಿಸಿದ್ದಕ್ಕೆ ಬಾಡಿಗೆ), ದಿನಕ್ಕೆ 2,500ರಂತೆ 15,000.
ಖರ್ಚು ಕಳೆದು ಕ್ವಿಂಟಲ್‌ಗೆ ನೂರು ರೂಪಾಯಿ ಉಳಿಯುತ್ತಿತ್ತು ಅಂದರೆ, ದಿನಕ್ಕೆ 150 ಕ್ವಿಂಟಲ್‌ನಂತೆ ಆರು ದಿನದ ಲಾಭ 90,000 ಹೋಯಿತು.
ಎಂಜಿನಿಯರ್, ಹೊಸ ಡಿಸ್ಕ್, ವಿಂಡೋಸ್ ಎಲ್ಲ ಸೇರಿ 45,000.
ಹಳೆ ಬಿಲ್ಲುಗಳನ್ನು ಮತ್ತೆ ಹೊಡೆಯಲು ಇಬ್ಬರಿಗೆ ಒಂದು ತಿಂಗಳು 40,000.
ಇನ್ನು ಉದ್ರಿ. ಮಾರ್ಕೆಟ್‌ನಲ್ಲಿ 25 ಲಕ್ಷ ಬಾಕಿ ಇದೆ, ಅದರಲ್ಲಿ ನೂರಕ್ಕೆ ಎಂಟರಷ್ಟು "ನಾನು ಕೊಟ್ಟಾಯ್ತಲ್ಲ" ಎಂಬ ಜಗಳಕ್ಕೆ ಬಿತ್ತು ಅಂದರೆ 2,00,000.

ಒಟ್ಟು 4,72,800 ರೂಪಾಯಿ. ಕಳ್ಳನಿಗೆ ಒಂದು ಪೈಸೆಯನ್ನೂ ಕೊಡದೆ!

ಈ ಲೆಕ್ಕದಲ್ಲಿ ಕೊನೆಯ ಸಾಲು ನೋಡಿ. ಜಿಎಸ್‌ಟಿ ಪೋರ್ಟಲ್‌ನಿಂದ ಮಾರಾಟ, ಖರೀದಿ ಸಿಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಸಿಗುತ್ತದೆ. ಎಪಿಎಂಸಿಯ ಆನ್‌ಲೈನ್ ಟೆಂಡರ್‌ನಲ್ಲಿ ಆದ ಖರೀದಿಯ ವಿವರ ಸಿಗುತ್ತದೆ. ಆದರೆ ರೈತರಿಗೆ ಬಿತ್ತನೆ ಕಾಲದಲ್ಲಿ ಕೈಗೆ ಕೊಟ್ಟ ಮುಂಗಡ, ಅಂಗಡಿಯಿಂದ ಅಂಗಡಿಗೆ ಬಾಯಿಮಾತಿನಲ್ಲಿ ಹೋದ ಮಾಲು, ಇವು ನಿಮ್ಮ ಟ್ಯಾಲಿಯಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೇ ನಾನು ಪ್ರತಿ ಮಾಲೀಕರಿಗೂ ಹೇಳುವುದು: ಬೇರೇನೂ ಮಾಡಲಾಗದಿದ್ದರೂ ತಿಂಗಳಿಗೊಮ್ಮೆ ಬಾಕಿದಾರರ ಪಟ್ಟಿಯನ್ನು ಪ್ರಿಂಟ್ ತೆಗೆದು ಫೈಲ್ ಮಾಡಿ.

ದೊಡ್ಡ ಕಂಪನಿಗಳಿಗೆ ಎಷ್ಟು ಹೊಡೆತ ಬಿದ್ದಿದೆ?

ಐಬಿಎಂನ 2024ರ ವರದಿ ಪ್ರಕಾರ ಭಾರತದಲ್ಲಿ ಒಂದು ಡೇಟಾ ಸೋರಿಕೆಗೆ ಸರಾಸರಿ ಖರ್ಚು 19.5 ಕೋಟಿ ರೂಪಾಯಿ. ಜಗತ್ತಿನ ಸರಾಸರಿ 48.8 ಲಕ್ಷ ಡಾಲರ್. ಇವು ದೊಡ್ಡ ಸಂಸ್ಥೆಗಳ ಅಂಕಿ. ನಮ್ಮ ಅಂಗಡಿಗಳಿಗೆ ಇದನ್ನು ಹಿಡಿದು ಹೆದರಿಸುವುದು ಸರಿಯಲ್ಲ. ಆದರೆ ಹೊಡೆತ ಎಲ್ಲಿ ಬೀಳುತ್ತದೆ ಎಂಬುದು ಒಂದೇ.

2025ರಲ್ಲಿ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ ದಾಳಿಯಾದಾಗ ಬ್ರಿಟನ್ನಿನ ಅದರ ಕಾರ್ಖಾನೆಗಳು ಸುಮಾರು ಐದು ವಾರ ನಿಂತವು. ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜು ಮಾಡಿದ ನಷ್ಟ 190 ಕೋಟಿ ಪೌಂಡ್. ಬಿಡಿಭಾಗ ಕೊಡುವವರು, ಡೀಲರ್‌ಗಳು ಎಲ್ಲ ಸೇರಿ ಸುಮಾರು 5,000 ಸಂಸ್ಥೆಗಳಿಗೆ ಬಿಸಿ ತಟ್ಟಿತು. ದೊಡ್ಡವರಿಗೆ ಮಾಲು ಹಾಕುವ ಸಣ್ಣವರ ಪಾಡು ಏನಾಗುತ್ತದೆ ಎಂದು ಯೋಚಿಸಿ.

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಇನ್ನೊಂದು. ಬ್ರಿಟನ್ನಿನ ಕೆಎನ್‌ಪಿ ಎಂಬ ಲಾರಿ ಸಾಗಣೆ ಕಂಪನಿ. ಅದರ ಮೂಲ 1865ರಷ್ಟು ಹಳೆಯದು, ಲಾರಿಗಳು ಐನೂರು. 2023ರಲ್ಲಿ ಒಬ್ಬ ನೌಕರನ ಪಾಸ್‌ವರ್ಡನ್ನು ಊಹಿಸಿ ಒಳನುಗ್ಗಿದರಂತೆ. ಲೆಕ್ಕಪತ್ರ ಹೋಯಿತು, ಸಾಲ ಕೊಡುವವರಿಗೆ ತೋರಿಸಲು ಲೆಕ್ಕವಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿ ಮುಚ್ಚಿತು, ಸುಮಾರು 700 ಜನ ಕೆಲಸ ಕಳೆದುಕೊಂಡರು. ಲಾರಿಗಳಿದ್ದವು, ಡ್ರೈವರ್‌ಗಳಿದ್ದರು, ಗಿರಾಕಿಗಳೂ ಇದ್ದರು.

ಕೇಳಿದಷ್ಟು ಕೊಟ್ಟುಬಿಟ್ಟರೆ ಬೇಗ ಮುಗಿಯೋದಿಲ್ವಾ?

ಕೊಡಬೇಡಿ. ಪೊಲೀಸರೂ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಅದನ್ನೇ ಹೇಳುತ್ತಾರೆ. 2021ರ ಮೇನಲ್ಲಿ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್ 75 ಬಿಟ್‌ಕಾಯಿನ್, ಅಂದರೆ ಆಗಿನ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಲಾಕ್ ತೆರೆಯುವ ಕೀ ಸಿಕ್ಕಿತು, ಆದರೆ ಅದು ಎಷ್ಟು ನಿಧಾನ ಇತ್ತೆಂದರೆ ಕೊನೆಗೆ ತಮ್ಮ ಬ್ಯಾಕಪ್‌ನಿಂದಲೇ ಕೆಲಸ ಎತ್ತಬೇಕಾಯಿತು. ಅಷ್ಟು ದೊಡ್ಡವರದ್ದೇ ಹೀಗಾದರೆ ನಿಮಗೆ ಪೂರ್ತಿ ಫೈಲು ವಾಪಸ್ ಬರುತ್ತವೆ ಎಂಬ ಖಾತರಿ ಯಾರು ಕೊಡುತ್ತಾರೆ? ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಬರುವುದೂ ಇದೆ.

ಇನ್ನೊಂದು ದಾರಿ ಮೊದಲು ನೋಡಿ. ಯುರೋಪೋಲ್, ಡಚ್ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ‍್ಯಾನ್ಸಮ್ ಎಂಬ ವೆಬ್‌ಸೈಟ್ ಇದೆ. ಲಾಕ್ ಆದ ಒಂದು ಫೈಲ್ ಹಾಕಿದರೆ ಅದು ಯಾವ ಜಾತಿಯದು, ಕೀ ಇದೆಯಾ ಎಂದು ಪುಕ್ಕಟೆ ಹೇಳುತ್ತದೆ. ಎಲ್ಲದಕ್ಕೂ ಸಿಗುವುದಿಲ್ಲ. ಈಗ ಸಿಗದಿದ್ದರೂ ಲಾಕ್ ಆದ ಡಿಸ್ಕನ್ನು ಅಳಿಸದೆ ಎತ್ತಿಡಿ, ಮುಂದೆ ಕೀ ಬಂದ ಉದಾಹರಣೆಗಳಿವೆ.

ಈಗಷ್ಟೇ ಲಾಕ್ ಆಗಿದೆ. ಮೊದಲು ಏನು ಮಾಡಲಿ?

ನೆಟ್‌ವರ್ಕ್ ವೈರ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಪಕ್ಕದ ಕಂಪ್ಯೂಟರ್‌ಗಳದ್ದೂ ಕೀಳಿ. ಪೆನ್ ಡ್ರೈವ್, ಹಾರ್ಡ್ ಡಿಸ್ಕ್ ಹಚ್ಚಬೇಡಿ, ಅದರಲ್ಲೂ ಬ್ಯಾಕಪ್ ಇರುವ ಡಿಸ್ಕನ್ನು ಹತ್ತಿರ ಕೂಡ ತರಬೇಡಿ. ಸ್ಕ್ರೀನ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಬೇರೆ ಫೋನಿನಿಂದ ಬ್ಯಾಂಕ್, ಈಮೇಲ್, ಜಿಎಸ್‌ಟಿ ಪಾಸ್‌ವರ್ಡ್ ಬದಲಾಯಿಸಿ.

ಫಾರ್ಮ್ಯಾಟ್ ಮಾಡಬೇಡಿ. ಗಾಬರಿಯಲ್ಲಿ ಯಾರಾದರೂ "ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ" ಎನ್ನುತ್ತಾರೆ. ಕಂಪ್ಯೂಟರ್ ಸರಿಹೋಗುತ್ತದೆ, ಡೇಟಾ ಮತ್ತು ಸಾಕ್ಷಿ ಎರಡೂ ಹೋಗುತ್ತವೆ.

ಖಾತೆಯಿಂದ ಹಣ ಹೋಗಿದೆ. ಬ್ಯಾಂಕಿಗೆ ಹೋಗಲಾ, ಠಾಣೆಗೆ ಹೋಗಲಾ?

ಎರಡಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಹೋದ ಬ್ಯಾಂಕಿಗೆ ಅಲ್ಲಿಂದಲೇ ಸೂಚನೆ ಹೋಗುತ್ತದೆ, ಖಾತೆಯಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ. ಕಳ್ಳರು ಹಣವನ್ನು ನಿಮಿಷಗಳಲ್ಲಿ ಒಂದು ಖಾತೆಯಿಂದ ಹತ್ತು ಖಾತೆಗೆ ಹಂಚುತ್ತಾರೆ, ಹಾಗಾಗಿ ಇಲ್ಲಿ ಗಂಟೆಯ ಲೆಕ್ಕವೂ ತಡವೇ. ಕೈಯಲ್ಲಿ ಯುಟಿಆರ್ ನಂಬರ್ (ಆ ವರ್ಗಾವಣೆಯ ಗುರುತು ಸಂಖ್ಯೆ), ಮೊತ್ತ, ಸಮಯ, ಯಾವ ಖಾತೆಗೆ ಹೋಯಿತು ಎಂಬುದು ಇರಲಿ. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಠಾಣೆ ಅಂದರೆ ಸೈಬರ್ ಅಪರಾಧ ನೋಡುವ ಸೆನ್ ಠಾಣೆ. ಕಲಬುರಗಿ, ಬೀದರ್, ಯಾದಗಿರಿ ಮೂರು ಕಡೆಯೂ ಇದೆ.

ಮರ್ಯಾದೆ ಹೋಗುತ್ತದೆ ಎಂದು ಎರಡು ದಿನ ಸುಮ್ಮನಿರುವವರನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2024ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ. 2023ರಲ್ಲಿ ಅದು 7,465 ಕೋಟಿ ಇತ್ತು. ಇಷ್ಟು ಜನರಿಗೆ ಆಗಿದೆ ಅಂದಮೇಲೆ ನಾಚಿಕೆ ಯಾಕೆ?

ಬ್ಯಾಂಕು ಹಣ ವಾಪಸ್ ಕೊಡುತ್ತಾ?

ತಪ್ಪು ಯಾರದು, ಎಷ್ಟು ಬೇಗ ತಿಳಿಸಿದಿರಿ ಎಂಬುದರ ಮೇಲಿದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ಅಂದರೆ ಸಣ್ಣ ಉದ್ದಿಮೆಯ ಕರೆಂಟ್ ಖಾತೆಗೆ ಗರಿಷ್ಠ 10,000 ರೂಪಾಯಿ ನಿಮ್ಮ ತಲೆಗೆ ಬರುತ್ತದೆ. ಅದಕ್ಕಿಂತ ತಡವಾದರೆ ಆ ಬ್ಯಾಂಕಿನ ನೀತಿ ಏನಿದೆಯೋ ಅದು.

ಆದರೆ ಒಟಿಪಿ, ಪಾಸ್‌ವರ್ಡ್ ನೀವೇ ಹೇಳಿದ್ದರೆ, ತಿಳಿಸುವವರೆಗೆ ಹೋದ ಹಣ ನಿಮ್ಮದೇ ನಷ್ಟ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಖಾತೆ ನಂಬರ್ ಮೋಸದಲ್ಲಿ ನೀವೇ ಕೈಯಾರೆ ಕಳಿಸಿರುತ್ತೀರಿ, ಹಾಗಾಗಿ ಈ ಸುತ್ತೋಲೆ ಅಲ್ಲಿ ಆಸರೆಗೆ ಬರುವುದು ಕಷ್ಟ.

ನಾವು ಏನೂ ಮಾಡಿಲ್ಲ, ನಮ್ಮ ಖಾತೆಯೇ ಫ್ರೀಜ್ ಆಗಿದೆ. ಯಾಕೆ?

ಯಾರೋ ಮೋಸದ ಹಣದಲ್ಲಿ ನಿಮ್ಮ ಹತ್ತಿರ ಮಾಲು ಕೊಂಡಿರುತ್ತಾರೆ. ಆ ಹಣದ ಜಾಡು ಹಿಡಿದು ಬೇರೆ ರಾಜ್ಯದ ಪೊಲೀಸರು ತಡೆ ಹಾಕಿಸಿರುತ್ತಾರೆ. ಸೀಜನ್‌ನಲ್ಲಿ ಖಾತೆ ನಿಂತರೆ ರೈತರಿಗೆ ಪಟ್ಟಿ (ಮಾಲಿನ ಬಿಲ್) ಹಣ ಕೊಡುವುದು ಹೇಗೆ? ಇದೂ ಖರ್ಚೇ, ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು.

ಬ್ಯಾಂಕಿನಿಂದ ಮೂರು ವಿಷಯ ಬರಹದಲ್ಲಿ ಕೇಳಿ: ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತದ ಮೇಲೆ ತಕರಾರು. ನಂತರ ಆ ವ್ಯವಹಾರದ ಬಿಲ್ಲು, ಲಾರಿ ರಸೀದಿ, ತೂಕದ ಚೀಟಿ ಎಲ್ಲವನ್ನೂ ಆ ಠಾಣೆಗೆ ಕಳಿಸಿ. ತಕರಾರಿನ ಮೊತ್ತವನ್ನಷ್ಟೇ ತಡೆದು ಉಳಿದದ್ದನ್ನು ಬಿಡಿ ಎಂದು ಕೇಳಿ. ಗುರುತಿಲ್ಲದವರಿಂದ, ಮೂರನೆಯವರ ಖಾತೆಯಿಂದ ಬರುವ ಹಣಕ್ಕೆ ಮಾಲು ಬಿಡುವ ಮೊದಲು ಎರಡು ಸಲ ಯೋಚಿಸಿ.

ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕಂತೆ, ನಮಗೂ ಅನ್ವಯಿಸುತ್ತಾ?

ಹೌದು. 2022ರ ಏಪ್ರಿಲ್ 28ರ ನಿರ್ದೇಶನ ಕಂಪನಿಗಳು, ಸಂಸ್ಥೆಗಳಿಗೆ ಬರೆದದ್ದು. ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ಬಳಕೆಯ ದಾಖಲೆಗಳನ್ನು 180 ದಿನ ಇಡಬೇಕು ಎನ್ನುತ್ತದೆ. ಪೂರ್ತಿ ವಿವರ ಇಲ್ಲದಿದ್ದರೂ ಇದ್ದಷ್ಟು ತಿಳಿಸಬಹುದು. ಅವರ ಪುಕ್ಕಟೆ ಸಹಾಯವಾಣಿ 1800 11 4949. ನಾಲ್ಕು ಕಂಪ್ಯೂಟರ್ ಇರುವ ಅಂಗಡಿಯವರು ಇದನ್ನು ಮಾಡುವುದು ಅಪರೂಪ, ಗೊತ್ತು. ಆದರೂ ವಿಮೆ ಕೇಳುವಾಗ, ಪಾರ್ಟಿಗಳ ಜತೆ ತಕರಾರು ಬಂದಾಗ ಆ ವರದಿ ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

ಗಿರಾಕಿಗಳ ಆಧಾರ್, ಮೊಬೈಲ್ ನಂಬರ್ ಸೋರಿದರೆ ದಂಡ ಬೀಳುತ್ತಾ?

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಭದ್ರತೆಯ ಕ್ರಮ ತೆಗೆದುಕೊಳ್ಳದಿದ್ದರೆ ದಂಡದ ಮಿತಿ 250 ಕೋಟಿ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ. ಇದು ಗರಿಷ್ಠ ಮಿತಿ, ಅಂಗಡಿಗೆ ಅಷ್ಟು ಹಾಕುತ್ತಾರೆ ಎಂದಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಇದೆ. ಅಷ್ಟರೊಳಗೆ ಒಂದು ಕೆಲಸ ಮಾಡಿ: ಬೇಡದ ಆಧಾರ್ ಝೆರಾಕ್ಸ್, ಸ್ಕ್ಯಾನ್ ಕಾಪಿ ಎಲ್ಲ ತೆಗೆದುಹಾಕಿ. ಇಲ್ಲದ್ದು ಸೋರುವುದಿಲ್ಲ.

ನಮ್ಮದೇನೂ ತಪ್ಪಿಲ್ಲ, ಬ್ಯಾಂಕೇ ನಿಂತುಹೋದರೆ?

ಆಗಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿದಾಗ, ಅದರ ಸೇವೆ ಪಡೆಯುತ್ತಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ತೊಂದರೆಯಾಯಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅದಕ್ಕೂ ಮೊದಲು 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ಹೋಯಿತು, 28 ದೇಶಗಳ ಎಟಿಎಂಗಳಿಂದ ಹಣ ತೆಗೆದಿದ್ದರು.

ಸೀಜನ್‌ನ ವ್ಯವಹಾರ ಪೂರ್ತಿ ಒಂದೇ ಬ್ಯಾಂಕಿನ ಮೇಲೆ ನಿಲ್ಲಿಸಬೇಡಿ. ಇನ್ನೊಂದು ಬ್ಯಾಂಕಿನಲ್ಲಿ ಚಾಲ್ತಿಯಲ್ಲಿರುವ ಖಾತೆ, ನಾಲ್ಕು ದಿನದ ಹಮಾಲಿ ಮತ್ತು ಡೀಸೆಲ್ ಖರ್ಚಿಗಾಗುವಷ್ಟು ಹಣ ಇಟ್ಟಿರಿ.

ಸೈಬರ್ ವಿಮೆ ಮಾಡಿಸಬೇಕಾ?

ವರ್ಷಕ್ಕೆ ಕೋಟಿಗಟ್ಟಲೆ ವಹಿವಾಟು ಇದ್ದರೆ ಕೇಳಿ ನೋಡಿ. ಕೆಲಸ ನಿಂತ ದಿನಗಳ ನಷ್ಟ ಸೇರಿದೆಯಾ, ಮೋಸದಿಂದ ಕಳಿಸಿದ ಹಣ ಸೇರಿದೆಯಾ ಎಂದು ಎರಡೂ ಬೇರೆ ಬೇರೆ ಕೇಳಿ. ಅಸಲಿ ಸಾಫ್ಟ್‌ವೇರ್, ಬ್ಯಾಕಪ್ ಇದೆ ಎಂದು ಅರ್ಜಿಯಲ್ಲಿ ಬರೆದು, ನಿಜದಲ್ಲಿ ಇಲ್ಲದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.

ಬ್ಯಾಕಪ್ ಹೇಗಿರಬೇಕು? ಗೂಗಲ್ ಡ್ರೈವ್‌ನಲ್ಲಿದೆ, ಸಾಕಲ್ವಾ?

ಅಷ್ಟೇ ಸಾಲದು. ಡ್ರೈವ್ ಕಂಪ್ಯೂಟರ್ ಜತೆ ಸಿಂಕ್ ಆಗುತ್ತಿದ್ದರೆ (ಫೈಲು ತಾನಾಗಿಯೇ ಅಲ್ಲಿಗೆ ನಕಲಾಗುತ್ತಿದ್ದರೆ), ಲಾಕ್ ಆದ ಫೈಲೂ ಅಲ್ಲಿಗೆ ಸಿಂಕ್ ಆಗುತ್ತದೆ. ಹಳೆ ಆವೃತ್ತಿ ತೆಗೆಯಲು ಕೆಲವು ದಿನ ಅವಕಾಶ ಇರುತ್ತದೆ, ಅದರ ಮೇಲೆಯೇ ಭಾರ ಹಾಕಬೇಡಿ. ಸದಾ ಹಚ್ಚಿಯೇ ಇರುವ ಹಾರ್ಡ್ ಡಿಸ್ಕ್‌ಗೂ ಇದೇ ಗತಿ.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ದಾಳಿಗೆ ಹಡಗು ಕಂಪನಿ ಮರ್ಸ್ಕ್ ಸಿಕ್ಕಿಬಿತ್ತು. ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ನಿಂತಿತು. ನಷ್ಟ 25ರಿಂದ 30 ಕೋಟಿ ಡಾಲರ್. 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಎಬ್ಬಿಸಬೇಕಾಯಿತು. ಇಡೀ ಜಾಲದ ಯೂಸರ್ ವಿವರ ಇರುವ ಸರ್ವರ್‌ಗಳು ಎಲ್ಲೆಡೆ ಅಳಿಸಿಹೋಗಿದ್ದವು. ಉಳಿದದ್ದು ಘಾನಾ ದೇಶದ ಒಂದು ಕಚೇರಿಯದು ಮಾತ್ರ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು, ಹಾಗಾಗಿ ಆ ಸರ್ವರ್ ಜಾಲದಲ್ಲಿ ಇರಲಿಲ್ಲ. ಅಷ್ಟು ದೊಡ್ಡ ಕಂಪನಿಯನ್ನು ಉಳಿಸಿದ್ದು ಯಾವುದಕ್ಕೂ ಹಚ್ಚಿರದ ಒಂದು ಪ್ರತಿ.

ನಾನು ಅಂಗಡಿಗಳಲ್ಲಿ ಮಾಡಿಸುವುದು ಹೀಗೆ. ಎರಡು ಹಾರ್ಡ್ ಡಿಸ್ಕ್, ಒಂದರ ಮೇಲೆ "ಸೋಮ", ಇನ್ನೊಂದರ ಮೇಲೆ "ಗುರು" ಎಂದು ಬರೆಯುವುದು. ಆಯಾ ದಿನ ಸಂಜೆ ಬ್ಯಾಕಪ್ ತೆಗೆದು, ಕಿತ್ತು, ಒಂದನ್ನು ಮಾಲೀಕರ ಮನೆಗೆ ಕಳಿಸುವುದು. ಸೀಜನ್‌ನಲ್ಲಿ ದಿನವೂ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಲೆಕ್ಕದ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕೆಂಬ ನಿಯಮವೇ ಇದೆ.

ಹಳೆ ವಿಂಡೋಸ್ ಚೆನ್ನಾಗೇ ನಡೀತಿದೆಯಲ್ಲ, ಯಾಕೆ ಬದಲಾಯಿಸಲಿ?

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ತೂಕದ ಕಾಂಟಾಕ್ಕೆ ಹಳೆ ಮಷಿನ್ನೇ ಬೇಕೆಂದರೆ ಇರಲಿ, ಅದಕ್ಕೆ ಇಂಟರ್ನೆಟ್ ಕೊಡಬೇಡಿ.

ಲೆಕ್ಕ ಹೋಗಿದೆ ಎಂದರೆ ಜಿಎಸ್‌ಟಿಯವರು ಗಡುವು ಬಿಡ್ತಾರಾ?

ತಾನಾಗಿಯೇ ಬಿಡುವುದಿಲ್ಲ. 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ, ಬಾಕಿ ತೆರಿಗೆಗೆ ವರ್ಷಕ್ಕೆ 18% ಬಡ್ಡಿ ಬೀಳುತ್ತದೆ. ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಡಬೇಕೆಂಬುದೂ ಇದೆ. ಪೊಲೀಸ್ ದೂರಿನ ಪ್ರತಿಯೊಂದಿಗೆ ನಿಮ್ಮ ಸಿಎ ಮೂಲಕ ಬರಹದಲ್ಲಿ ತಿಳಿಸಿಡಿ.

ಮುನೀಮನ ಕೈಯಿಂದ ಆಗಿದೆ. ಸಂಬಳದಲ್ಲಿ ಹಿಡೀಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಹಿಡಿದರೆ ಮುಂದಿನ ಸಲ ಅವನು ಲಿಂಕ್ ಒತ್ತಿದ್ದನ್ನು ನಿಮಗೆ ಹೇಳುವುದೇ ಇಲ್ಲ. ಆ ಮುಚ್ಚಿಟ್ಟ ಎರಡು ಗಂಟೆಯಲ್ಲೇ ಹಣ ಹೋಗುವುದು. ಎಂಟು ಜನಕ್ಕೆ ಒಂದೇ ಪಾಸ್‌ವರ್ಡ್ ಕೊಟ್ಟವರು, ಮೇಲಿಂದ ಮೇಲೆ "ಬೇಗ ಹಾಕಪ್ಪ, ಪಾರ್ಟಿ ಕಾಯ್ತಿದೆ" ಎಂದು ಅವಸರ ಮಾಡಿದವರು ಮಾಲೀಕರೇ ಅಲ್ವಾ? ಬ್ಯಾಂಕಿನಲ್ಲಿ ಕೇಳಿ, ದೊಡ್ಡ ಮೊತ್ತಕ್ಕೆ ಒಬ್ಬರು ಹಾಕಿ ಇನ್ನೊಬ್ಬರು ಒಪ್ಪುವ ವ್ಯವಸ್ಥೆ ಮಾಡಿಕೊಡುತ್ತಾರೆ. ಕೆಲಸ ಬಿಟ್ಟವರ ಪಾಸ್‌ವರ್ಡನ್ನು ಮಾತ್ರ ಅದೇ ದಿನ ಮುಚ್ಚಿ.

ತೊಗರಿ ಸೀಜನ್ ಶುರುವಾಗೋ ಮೊದಲು ಏನು ಮಾಡಿಟ್ಟುಕೊಳ್ಳಲಿ?

ನವೆಂಬರ್‌ನಲ್ಲಿ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಚ್ಚಿ, ಟ್ಯಾಲಿಯಲ್ಲಿ ರಿಸ್ಟೋರ್ ಮಾಡಿ, ನಿಮಗೆ ನೆನಪಿರುವ ಒಬ್ಬ ಪಾರ್ಟಿಯ ಬಾಕಿ ತೆಗೆದು ಸರಿಯಿದೆಯಾ ನೋಡಿ. ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಅಷ್ಟು ಹೊತ್ತು ಅಂಗಡಿ ಕೈಬರಹದ ಬಿಲ್ಲಿನಲ್ಲಿ ನಡೆಯಬೇಕು, ಹಾಗಾಗಿ ನಾಲ್ಕು ಬಿಲ್ ಬುಕ್ ಅಚ್ಚು ಹಾಕಿಸಿಡಿ. ರೂಟರ್‌ನಲ್ಲಿ ತೆರೆದ ಪೋರ್ಟ್ ಇದ್ದರೆ ಅವತ್ತೇ ಮುಚ್ಚಿಸಿ.

ಒಂದು ಹಾಳೆಯಲ್ಲಿ 1930, ಎರಡೂ ಬ್ಯಾಂಕಿನ ಶಾಖೆಯ ನಂಬರ್, ಸೆನ್ ಠಾಣೆ, ಸಿಎ, ಕಂಪ್ಯೂಟರ್ ನೋಡುವವರ ನಂಬರ್ ಬರೆದು ಗಲ್ಲಾ ಪಕ್ಕದ ಗೋಡೆಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ.